ಶಾಸಕರಿಗೊಂದು ಬಹಿರಂಗ ಪತ್ರ: ಭೌತಶಾಸ್ತ್ರಕ್ಕೆ ಕಾಯಂ ಮೇಷ್ಟ್ರು ಬೇಕು

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಶಿವಮೊಗ್ಗ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ರಸ್ತೆ, ಕಾಲುಸಂಕ, ಅಡಿಕೆಯ ಕೊಳೆರೋಗ ಅಂತ ನಿಮಗೆ ದಿನಾ ಅರ್ಜಿಗಳು ಬರುತ್ತವೆ. ಅವೆಲ್ಲ ಬೇಕಾದವೇ. ಈ ಅರ್ಜಿ ಮಾತ್ರ ಎಲೆಕ್ಟ್ರಾನ್ ಮತ್ತು ಗುರುತ್ವದ ಬಗ್ಗೆ. ದಯವಿಟ್ಟು ಪೂರ್ತಿ ಓದಿ.

1922ರಲ್ಲಿ ಜರ್ಮನಿಯಲ್ಲಿ ಸ್ಟರ್ನ್ ಮತ್ತು ಗೆರ್ಲಾಕ್ ಎಂಬುವರು ಬೆಳ್ಳಿಯ ಪರಮಾಣುಗಳನ್ನು ಆಯಸ್ಕಾಂತದ ನಡುವೆ ಹಾಯಿಸಿದರು. ಅವು ಒಂದೇ ಪಟ್ಟಿಯಾಗಿ ಹರಡಲಿಲ್ಲ, ಎರಡು ಪಾಲಾದವು. ಎಲೆಕ್ಟ್ರಾನಿಗೆ ಸ್ಪಿನ್ ಎಂಬ, ತಿರುಗುವಿಕೆಯನ್ನು ಹೋಲುವ ಹುಟ್ಟುಗುಣವಿದೆ, ಅದೇ ಇದಕ್ಕೆ ಕಾರಣ ಅಂತ ತಿಳಿದದ್ದು ಆಮೇಲೆ. ಈ ಸ್ಪಿನ್ ವಿಚಿತ್ರದ್ದು. ಇಂಥ ಕಣವನ್ನು ಪೂರ್ತಿ ಒಂದು ಸುತ್ತು ತಿರುಗಿಸಿದರೂ ಅದು ಮೊದಲಿನ ಸ್ಥಿತಿಗೆ ಬರುವುದಿಲ್ಲ. ಎರಡು ಸುತ್ತು ಬೇಕು. ಅಂಗೈ ಮೇಲೆ ತಟ್ಟೆ ಇಟ್ಟುಕೊಂಡು, ಬೀಳಿಸದೆ ಒಂದು ಸುತ್ತು ತಿರುಗಿಸಿ ನೋಡಿ. ತಟ್ಟೆ ಮೊದಲಿನಂತೆಯೇ ಇರುತ್ತದೆ, ತೋಳು ತಿರುಚಿಕೊಂಡಿರುತ್ತದೆ. ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹಾಕಿದರೆ ತೋಳೂ ಸರಿಹೋಗುತ್ತದೆ. ತರಗತಿಯಲ್ಲಿ ಇದನ್ನು ಮಾಡಿಸಿದಾಗ ಮಕ್ಕಳ ಮುಖ ನೀವು ನೋಡಬೇಕು.

1975ರಲ್ಲಿ ನ್ಯೂಟ್ರಾನ್‌ಗಳನ್ನು ಬಳಸಿ ಈ ಎರಡು ಸುತ್ತಿನ ಗುಣವನ್ನು ಪ್ರಯೋಗದಲ್ಲೇ ತೋರಿಸಿದರು. ಅದೇ ವರ್ಷ ಇನ್ನೊಂದು ಪ್ರಯೋಗವೂ ಆಯಿತು. ನ್ಯೂಟ್ರಾನ್ ಕಣವಾದರೂ ಅಲೆಯಂತೆಯೂ ನಡೆದುಕೊಳ್ಳುತ್ತದೆ; ಸಿಲಿಕಾನ್ ಹರಳಿನಿಂದ ಆ ಅಲೆಯನ್ನು ಎರಡು ದಾರಿಗೆ ಒಡೆದರು. ಒಂದು ದಾರಿ ಇನ್ನೊಂದಕ್ಕಿಂತ ಕೆಲವೇ ಸೆಂಟಿಮೀಟರ್ ಎತ್ತರದಲ್ಲಿತ್ತು. ಅಷ್ಟು ಸಣ್ಣ ವ್ಯತ್ಯಾಸಕ್ಕೇ, ಎರಡೂ ಅಲೆ ಮತ್ತೆ ಕೂಡಿದಾಗ ಭೂಮಿಯ ಸೆಳೆತದ ಗುರುತು ಕಂಡಿತು.

ಆದರೆ ಗುರುತ್ವ ತಾನೇ ಕ್ವಾಂಟಮ್ ನಿಯಮಕ್ಕೆ, ಅಂದರೆ ಎಲೆಕ್ಟ್ರಾನಿನಂಥ ಸಣ್ಣ ಕಣಗಳು ಪಾಲಿಸುವ ನಿಯಮಕ್ಕೆ, ಒಳಪಡುತ್ತದಾ? ಇವತ್ತಿಗೂ ಯಾರಿಗೂ ಗೊತ್ತಿಲ್ಲ. 2017ರಲ್ಲಿ ಲಂಡನ್ನಿನ ಭೌತವಿಜ್ಞಾನಿ ಸೌಗತೋ ಬೋಸ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸುವ ಒಂದು ದಾರಿ ಹೇಳಿದರು. ಮಾರ್ಲೆಟ್ಟೊ ಮತ್ತು ವೆಡ್ರಲ್ ಎಂಬ ಭೌತವಿಜ್ಞಾನಿಗಳು ಕೂಡ ಅದೇ ವರ್ಷ ಇಂಥದ್ದೇ ಯೋಚನೆ ಮುಂದಿಟ್ಟರು. ಕಣ್ಣಿಗೆ ಕಾಣದಷ್ಟು ಸಣ್ಣ ಎರಡು ವಜ್ರದ ಹರಳು, ಒಂದೊಂದರೊಳಗೂ ಒಂದು ಸ್ಪಿನ್. ನಡುವೆ ಗುರುತ್ವ ಬಿಟ್ಟು ಬೇರೆ ಯಾವ ಸಂಪರ್ಕವೂ ಇಲ್ಲ. ಹಾಗಿದ್ದೂ ಆ ಎರಡು ಸ್ಪಿನ್‌ಗಳು ಒಂದಕ್ಕೊಂದು ಹೆಣೆದುಕೊಂಡರೆ, ಅಂದರೆ ಒಂದರ ಸ್ಥಿತಿಯನ್ನು ಬಿಟ್ಟು ಇನ್ನೊಂದರ ಸ್ಥಿತಿ ಹೇಳಲಾಗದಂತಾದರೆ, ಗುರುತ್ವವೂ ಕ್ವಾಂಟಮ್ ಅಂತ ಹೇಳಲು ಬಲವಾದ ಆಧಾರ ಸಿಗುತ್ತದೆ. ಪ್ರಯೋಗ ಬಹಳ ಕಷ್ಟದ್ದು, ಇನ್ನೂ ಆಗಿಲ್ಲ. ಆ ಯೋಚನೆ ಹುಟ್ಟಿದ್ದು ಮಾತ್ರ ಕಾಗದದ ಮೇಲೆ.

ನಾನು ಹೇಳಬೇಕಾದ್ದು ಇದೇ. ಇಂಥ ಪ್ರಶ್ನೆಯ ಹತ್ತಿರ ಹೋಗಲು ಸೊರಬದ ಹುಡುಗಿಗೆ ಕೋಟಿಗಟ್ಟಲೆ ಯಂತ್ರ ಬೇಕಾಗಿಲ್ಲ. ಗಣಿತ ಬೇಕು, ಸಮಯ ಬೇಕು, ಜೊತೆಗೆ ನಿಂತು ಹೇಳಿಕೊಡುವ ಮೇಷ್ಟ್ರು ಬೇಕು. ಕಪ್ಪುಕುಳಿ ಅದುರಿದರೆ ಅದರಿಂದ ಹೊರಡುವ ಗುರುತ್ವದ ಅಲೆ ಹೇಗಿರುತ್ತದೆ ಅಂತ 1970ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು ನಮ್ಮ ಬೆಂಗಳೂರಿನವರೇ ಆದ ಸಿ. ವಿ. ವಿಶ್ವೇಶ್ವರ. 2015ರಲ್ಲಿ ಗುರುತ್ವದ ಅಲೆಗಳು ಮೊದಲ ಸಲ ಸಿಕ್ಕಾಗ ಅವುಗಳ ಕೊನೆಯ ಭಾಗ ಆ ಲೆಕ್ಕಕ್ಕೆ ಹೊಂದುವಂತೆಯೇ ಇತ್ತು.

ನಮ್ಮ ಕಾಲೇಜಿನ ಸ್ಥಿತಿ ಕೇಳಿ. ಸೆಮಿಸ್ಟರ್ ಶುರುವಾಗಿ ಎಷ್ಟೋ ವಾರಗಳಾದ ಮೇಲೆ ಅತಿಥಿ ಉಪನ್ಯಾಸಕರ ಆದೇಶ ಬರುತ್ತದೆ. ಮುಂದಿನ ವರ್ಷ ನಾನೇ ಇರುತ್ತೇನೆ ಅಂತ ಮಕ್ಕಳಿಗೆ ಮಾತು ಕೊಡಲಾರೆ. ಸಿಲಬಸ್ ಮುಗಿಸುವ ಆತುರದಲ್ಲಿ ಸ್ಪಿನ್ ಪಾಠ ಎರಡು ಸೂತ್ರ, ಒಂದು ಲೆಕ್ಕಕ್ಕೆ ಇಳಿಯುತ್ತದೆ. ಎಂಎಸ್ಸಿಗೆ ಐಐಟಿಗಳು ನಡೆಸುವ ಜ್ಯಾಮ್ ಪರೀಕ್ಷೆ ಇದೆ ಅಂತ ಗೊತ್ತಾಗುವ ಹೊತ್ತಿಗೆ ಅರ್ಜಿ ಹಾಕುವ ದಿನ ದಾಟಿರುತ್ತದೆ. ಬುದ್ಧಿವಂತ ಮಕ್ಕಳು ಸುಮ್ನೆ ಕಳೆದುಹೋಗುತ್ತಿದ್ದಾರೆ. ಇದು ನನಗೆ ತುಂಬಾ ನೋವಿನ ವಿಷಯ.

ಸ್ಪಿನ್ನಿನಿಂದ ಏನು ಉಪಯೋಗ ಅಂತ ಕೇಳುವವರಿಗೆ ಎಂಆರ್‌ಐ ಸ್ಕ್ಯಾನ್ ತೋರಿಸಬಹುದು. ಅದು ನಡೆಯುವುದೇ ನಮ್ಮ ದೇಹದ ಹೈಡ್ರೋಜನ್ ಪರಮಾಣುವಿನ ಬೀಜದ ಸ್ಪಿನ್ನಿನಿಂದ. ಆದರೆ ಉಪಯೋಗ ಇಲ್ಲದಿದ್ದರೂ ಇದನ್ನು ಕಲಿಯುವ ಹಕ್ಕು ನಮ್ಮ ಮಕ್ಕಳಿಗಿದೆ, ಅಲ್ವಾ?

2023ರಲ್ಲಿ ಕೇಂದ್ರ ಸರ್ಕಾರ ಆರು ಸಾವಿರ ಕೋಟಿಗೂ ಜಾಸ್ತಿ ವೆಚ್ಚದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ನಾನು ಅಷ್ಟೆಲ್ಲ ಕೇಳುತ್ತಿಲ್ಲ. ಮುಂದಿನ ಅಧಿವೇಶನದಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆ ಹಾಕಿ. ಶಿವಮೊಗ್ಗ ಜಿಲ್ಲೆಯ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಭೌತಶಾಸ್ತ್ರದ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಯಾವ ತಿಂಗಳೊಳಗೆ ತುಂಬುತ್ತೀರಿ ಅಂತ ಕೇಳಿ. ಸಚಿವರು ಕೊಟ್ಟ ಉತ್ತರವನ್ನು ನಮ್ಮ ಕಾಲೇಜಿಗೂ ಕಳಿಸಿಕೊಡಿ. ನೋಟಿಸ್ ಬೋರ್ಡಿಗೆ ಹಾಕುತ್ತೇವೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರಳು, ಅತಿಥಿ ಉಪನ್ಯಾಸಕಿ