ಕರಿಬೇವಿನ ಹುಳಕ್ಕೆ ಔಷಧ ಹೊಡೆಯಬೇಡಿ

ಮಾನ್ಯ ಸಂಪಾದಕರಿಗೆ,

ಕುಂಡದ ಕರಿಬೇವಿಗೆ ಹುಳ ಬಿದ್ದರೆ ಕೂಡಲೇ ಕೀಟನಾಶಕ ಹೊಡೆಯಿರಿ ಎಂಬ ಸಲಹೆಯನ್ನು ನಿಮ್ಮ ಕೈತೋಟದ ಅಂಕಣದಲ್ಲಿ ಓದಿದೆ. ಮನಸ್ಸಿಗೆ ಬೇಸರವಾಯಿತು. ಕರಿಬೇವಿನ ಎಲೆ ಮೇಯುವ ಆ ಹಸಿರು ಹುಳ ಸಾಮಾನ್ಯವಾಗಿ ಪಾತರಗಿತ್ತಿಯ ಮರಿ. ಅದನ್ನು ಕೊಂದು, ಹೂವಿನ ಗಿಡ ಹಚ್ಚಿದರೂ ಪಾತರಗಿತ್ತಿ ಬರಲಿಲ್ಲವಲ್ಲ ಎಂದರೆ ಅವು ಎಲ್ಲಿಂದ ಬರಬೇಕು?

ಎಳೆಯದಿದ್ದಾಗ ಅದು ಥೇಟ್ ಹಕ್ಕಿಯ ಹಿಕ್ಕೆ. ಕಂದು ಮೈ, ನಡುವೆ ಬಿಳಿ ಮಚ್ಚೆ. ಹಕ್ಕಿಗಳೂ ಮೋಸ ಹೋಗುತ್ತವೆ. ಬೆಳೆದ ಮೇಲೆ ಎಲೆಹಸಿರು. ಆಗ ಕಡ್ಡಿಯಿಂದ ಮೆಲ್ಲಗೆ ಮುಟ್ಟಿ ನೋಡಿ. ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಸರಕ್ಕನೆ ಹೊರಬರುತ್ತದೆ, ಜೊತೆಗೊಂದು ಘಾಟು ವಾಸನೆ. ಶಾಲೆಯಲ್ಲಿದ್ದಾಗ ಮಕ್ಕಳಿಗೆ ಇದನ್ನು ತೋರಿಸುತ್ತಿದ್ದೆ. ಕೊಂಬು ಕಂಡ ಕೂಡಲೇ ಹೋ ಎಂದು ಹಿಂದೆ ಸರಿದು, ಮತ್ತೆ ಅವರೇ ಮೂಗು ಮುಂದೆ ತರುತ್ತಿದ್ದರು. ಅದು ಕಚ್ಚುವುದಿಲ್ಲ, ತುರಿಕೆಯನ್ನೂ ತರುವುದಿಲ್ಲ.

ಇಂಡಿ ಕಡೆಯ ಲಿಂಬೆ ಬೆಳೆಗಾರರಿಗೆ ಇದೇ ಹುಳ ತಲೆನೋವು, ಅದರಲ್ಲೂ ಸಣ್ಣ ಸಸಿಗಳಿಗೆ. ಅದು ಅವರ ಹೊಟ್ಟೆಪಾಡು, ಅವರಿಗೆ ನಾನು ಏನೂ ಹೇಳಲಾರೆ. ಆದರೆ ಮನೆಯಂಗಳದ ಬೆಳೆದ ಗಿಡ ಒಂದಿಷ್ಟು ಎಲೆ ಕಳೆದುಕೊಂಡರೂ ಮತ್ತೆ ಚಿಗುರುತ್ತದೆ. ಔಷಧ ಹೊಡೆದ ಎಲೆಯನ್ನೇ ಅಲ್ವಾ ನಾವು ನಾಳೆ ಒಗ್ಗರಣೆಗೆ ಹಾಕುವುದು? ಬೇವಿನ ಎಣ್ಣೆಯಿಂದ ಏನೂ ಆಗುವುದಿಲ್ಲ ಎಂದು ಸುಮಾರು ಜನ ನಂಬಿದ್ದಾರೆ. ಎಲೆ ತಿನ್ನುವ ಮರಿಗೆ ಅದೂ ಕುತ್ತೇ. ಗಿಡ ತೀರಾ ಚಿಕ್ಕದಿದ್ದರೆ, ಹುಳ ಕೂತ ಎಲೆಯನ್ನೇ ಚಿವುಟಿ ದೊಡ್ಡ ಲಿಂಬೆ ಗಿಡದ ಮೇಲಿಡಿ.

ಎಕ್ಕೆಯ ಕತೆಯೂ ಇದೇ. ಶನಿವಾರ ಹನುಮಪ್ಪನಿಗೆ ಅದರ ಮಾಲೆ ಬೇಕು, ಖಾಲಿ ಸೈಟಿನಲ್ಲಿ ಕಂಡರೆ ಮಾತ್ರ ಜೆಸಿಬಿ. ಕಿತ್ತಳೆ ರೆಕ್ಕೆ, ಕಪ್ಪು ಅಂಚಿನ ಪ್ಲೇನ್ ಟೈಗರ್ ಪಾತರಗಿತ್ತಿ ಮೊಟ್ಟೆಯಿಡುವುದು ಎಕ್ಕೆಯಂಥ ಹಾಲು ಬರುವ ಗಿಡಗಳ ಮೇಲೆ. ಆ ಹಾಲಿನ ವಿಷ ಮರಿಯ ಮೈಗೆ ಸೇರುತ್ತದೆ. ಹಾಗಾಗಿ ಹಕ್ಕಿಗಳು ಅದರ ತಂಟೆಗೆ ಹೋಗುವುದು ಕಡಿಮೆ.

ಹೂವಿನ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ರತ್ನಗಂಧಿ, ಕೇಪಳ, ಸದಾಪುಷ್ಪ ನಮ್ಮ ಬಿಸಿಲನ್ನು ತಡೆಯುತ್ತವೆ. ಬೇಸಿಗೆಯಲ್ಲಿ ಒಂದು ತಟ್ಟೆಯಲ್ಲಿ ಮಣ್ಣು ಹರಡಿ ಸದಾ ಒದ್ದೆಯಾಗಿಡಿ. ನಮ್ಮ ಹಿತ್ತಲಲ್ಲಿ ನಲ್ಲಿಯ ಕೆಳಗಿನ ಒದ್ದೆ ಮಣ್ಣಿಗೆ ಹಳದಿ ಪಾತರಗಿತ್ತಿಗಳು ಬಂದು ಕೂರುತ್ತವೆ. ಅವು ನೀರಿನ ಜೊತೆ ಮಣ್ಣಿನ ಉಪ್ಪಿನಂಶವನ್ನೂ ಹೀರುತ್ತವೆ. ಹೀಗೆ ಬರುವವು ಹೆಚ್ಚಾಗಿ ಗಂಡುಗಳು.

ಔಷಧದ ಹೆಸರು ಅಚ್ಚು ಹಾಕುವ ಮೊದಲು ಆ ಹುಳದ ಚಿತ್ರವನ್ನೂ, ಅದರಿಂದ ಬರುವ ಪಾತರಗಿತ್ತಿಯ ಚಿತ್ರವನ್ನೂ ಅಂಕಣದಲ್ಲಿ ಹಾಕಿ. ಹಾಗೆಯೇ ನಮ್ಮ ನಗರದ ಉದ್ಯಾನಗಳಲ್ಲಿ ಔಷಧ ಬೀಳದ ಒಂದು ಮೂಲೆಯನ್ನು ಕರಿಬೇವು, ಲಿಂಬೆ, ಎಕ್ಕೆಗೆ ಬಿಟ್ಟುಕೊಡಿ ಎಂದು ಪಾಲಿಕೆಯವರನ್ನೂ ಕೇಳಿಕೊಳ್ಳುತ್ತೇನೆ.

— ನಿವೃತ್ತ ಶಿಕ್ಷಕಿ, ವಿಜಯಪುರ