ಸವಳು ಹಳೆಯದು, ಗಾಳಿಯ ಕೇಡು ಹೊಸದು

ಮಾನ್ಯರೇ,

ಇಂದಿನ ಪರಿಸರ ಸಂಕಟಗಳೆಲ್ಲ ಮನುಷ್ಯ ಹಿಂದೆಂದೂ ಕಾಣದವು ಎಂಬ ಮಾತು ಪೂರ್ತಿ ನಿಜವಲ್ಲ. ನಾಲ್ಕು ಸಾವಿರ ವರ್ಷಗಳ ಹಿಂದೆಯೇ ದಕ್ಷಿಣ ಮೆಸೊಪೊಟೇಮಿಯಾದ (ಈಗಿನ ಇರಾಕ್) ನೀರಾವರಿ ಬಯಲು ಉಪ್ಪೇರಿ ಸವಳಾಗಿತ್ತು. ಗೋಧಿ ಹಿಂದೆ ಸರಿದು, ಉಪ್ಪು ತಾಳುವ ಬಾರ್ಲಿ ಹೊಲ ತುಂಬಿತ್ತು.

ತುಂಗಭದ್ರಾ ಅಚ್ಚುಕಟ್ಟಿನ ಹೊಲಗಳೂ ಹಾಗೆಯೇ ಸವಳಾಗುತ್ತಿವೆ. ಕಡಿಮೆ ನೀರಿನ ಬೆಳೆಗೆಂದು ರೂಪಿಸಿದ ಕಾಲುವೆಯಡಿ ಭತ್ತ ಹಬ್ಬಿದೆ. ಲೀಟರಿಗೆ ಅರ್ಧ ಗ್ರಾಂ ಉಪ್ಪಿರುವ ನೀರನ್ನು ಒಂದು ಹೆಕ್ಟೇರಿಗೆ ಒಟ್ಟು 1 ಮೀಟರ್ ಆಳದಷ್ಟು ಹಾಯಿಸಿದರೆ 5 ಟನ್ ಉಪ್ಪು ಹೊಲ ಸೇರುತ್ತದೆ. ಬಸಿಯದ ಕಪ್ಪು ಮಣ್ಣಿನಲ್ಲಿ ಅಂತರ್ಜಲ ನೆಲಮಟ್ಟದಿಂದ 2 ಮೀಟರಿಗಿಂತ ಹತ್ತಿರಕ್ಕೆ ಏರಿದರೆ ತೇವ ಮೇಲಕ್ಕೆ ಬಂದು ಆರುತ್ತದೆ, ಉಪ್ಪು ಬಿಳಿ ಪೊರೆಯಾಗಿ ಉಳಿಯುತ್ತದೆ. ಇದಕ್ಕೆ ಜಿಪ್ಸಂ ಸುರಿಯುವವರಿದ್ದಾರೆ. ಅದು ಸೋಡಿಯಂ ಹೆಚ್ಚಿದ ಕ್ಷಾರ ಮಣ್ಣಿಗೆ ಮದ್ದೇ ಹೊರತು ಬರೀ ಸವಳಿಗಲ್ಲ. ಸವಳಿಗೆ ಬೇಕಿರುವುದು ಬಸಿಗಾಲುವೆ, ಇಲ್ಲವೇ ಸುಮಾರು 1 ಮೀಟರ್ ಆಳದಲ್ಲಿ ರಂಧ್ರವಿರುವ ಪೈಪು. ಆಮೇಲೆ ಬದು ಕಟ್ಟಿ, ಸಿಹಿನೀರು ನಿಲ್ಲಿಸಿ ಉಪ್ಪು ತೊಳೆಯಬೇಕು. ಪೈಪಿನ ಹೊರಬಾಯಿಗೆ ಹೂಳು ತುಂಬಿದರೆ ಅಷ್ಟೂ ಖರ್ಚು ವ್ಯರ್ಥ.

ಗಾಳಿಯ ವಿಷಯ ಮಾತ್ರ ಬೇರೆ. ಅಂಟಾರ್ಕ್ಟಿಕಾದ ಮಂಜುಗಡ್ಡೆಯೊಳಗಿನ 8 ಲಕ್ಷ ವರ್ಷಗಳ ಗಾಳಿಗುಳ್ಳೆಗಳ ಪ್ರಕಾರ, ಕೈಗಾರಿಕಾ ಯುಗಕ್ಕೆ ಮುನ್ನ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಭಾಗದಲ್ಲಿ 300ರ ಆಸುಪಾಸು ದಾಟಿರಲಿಲ್ಲ. ಈಗ 420 ಮೀರಿದೆ. ಇದು ನಿಜಕ್ಕೂ ಮನುಷ್ಯ ಹಿಂದೆಂದೂ ಕಾಣದ ಆಪತ್ತು, ಬೆಳೆ ಬದಲಿಸಿ ತಪ್ಪಿಸಿಕೊಳ್ಳುವಂಥದ್ದಲ್ಲ.

ಪರಿಹಾರ ಗೊತ್ತಿರುವ ಸವಳಿನ ವಿಷಯದಲ್ಲಾದರೂ ಸರ್ಕಾರ ಮುಂಗಾರಿಗೆ ಮುನ್ನ ಬಸಿಗಾಲುವೆಗಳ ಹೂಳೆತ್ತಿಸಲಿ.

– ಓದುಗ, ಸಿಂಧನೂರು