ಗಿರಣಿ ಕಲ್ಲಿನ ಮೇಲೆ ನಡೆದ ಮಗಳಿಗೆ

ಡೊಂಬಿವ್ಲಿ, ಜುಲೈ

ಪ್ರೀತಿಯ ಪುಟ್ಟಿ,

ಇಂಗ್ಲೆಂಡಿನ ಪೆನ್ನೈನ್ ವೇ ಎಂಬ ಉದ್ದನೆಯ ಕಾಲುದಾರಿಯಲ್ಲಿ ಕ್ರೌಡನ್‌ ಊರಿನಿಂದ ಹೊರಟು ಬ್ಲ್ಯಾಕ್ ಹಿಲ್ ಬೆಟ್ಟ ದಾಟಿದ ದಿನದ ಬಗ್ಗೆ ನೀನು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಬೆಳಗಿನಿಂದ ಸಂಜೆಯವರೆಗೆ ಬಿಡದ ಮಳೆ. ಹತ್ತು ಹೆಜ್ಜೆ ಮುಂದೇನಿದೆ ಎಂದು ಕಾಣದಷ್ಟು ಮೋಡ. ದಾರಿಯಲ್ಲಿ ಒಬ್ಬರೂ ಸಿಗಲಿಲ್ಲ. ಅಮ್ಮ ಕೇಳಿದ್ದು ಒಂದೇ: ಬೂಟು ಒಣಗಿತಾ? ನನ್ನ ಮನಸ್ಸು ಮಾತ್ರ ನಿನ್ನ ಬೇರೊಂದು ಸಾಲಿನಲ್ಲಿ ಸಿಕ್ಕಿಕೊಂಡಿತು. 'ಮುಂಬೈಯವಳು ನಾನು, ಇವರ ಬೆಟ್ಟದಲ್ಲಿ ನನಗೇನು ಕೆಲಸ ಅನ್ನಿಸಿಬಿಟ್ಟಿತು ಅಪ್ಪ' ಎಂದು ಬರೆದಿದ್ದೀಯ. ಅದಕ್ಕೇ ಈ ಪತ್ರ.

ನೀನು ಕಾಲಿಟ್ಟು ನಡೆದ ಆ ಚಪ್ಪಡಿ ಕಲ್ಲುಗಳು ಎಲ್ಲಿಂದ ಬಂದವು ಗೊತ್ತಾ? ಇಂಗ್ಲೆಂಡಿನ ಹಳೆಯ ಬಟ್ಟೆ ಗಿರಣಿಗಳಿಂದ. ಗಿರಣಿಗಳು ಮುಚ್ಚಿದವು, ಕಟ್ಟಡ ಕೆಡವಿದರು, ನೆಲಕ್ಕೆ ಹಾಸಿದ್ದ ಕಲ್ಲು ಉಳಿಯಿತು. ಅದನ್ನು ಹೆಲಿಕಾಪ್ಟರಿನಲ್ಲಿ ಎತ್ತಿ ತಂದು ಆ ಜೌಗಿನ ಮೇಲೆ ಸಾಲಾಗಿ ಹಾಸಿದರು. ಅಷ್ಟು ದುಡ್ಡು, ಅಷ್ಟು ಶ್ರಮ ಸುಮ್ನೆ ಅಲ್ಲ. ಪೆನ್ನೈನ್ ವೇ 1965ರಲ್ಲಿ ಶುರುವಾದ ಮೇಲೆ ಸಾವಿರಾರು ಜನ ನಡೆದರು. ಕೆಸರು ತಪ್ಪಿಸಲು ಒಬ್ಬೊಬ್ಬರೂ ಸ್ವಲ್ಪ ಪಕ್ಕಕ್ಕೆ ಹೆಜ್ಜೆ ಇಟ್ಟರು. ಕಾಲುದಾರಿ ಅಗಲವಾಗುತ್ತಾ ಹೋಯಿತು, ಹಸಿರು ಸತ್ತು ಬರೀ ಕಪ್ಪು ಕೆಸರು ಉಳಿಯಿತು.

ಆ ಕಪ್ಪು ನಮ್ಮ ಗದಗಿನ ಎರೆ ಹೊಲದ ಹಾಗೆ ಕಾಣುತ್ತದೆ ಎಂದು ಬರೆದಿದ್ದೀಯ. ಮಳೆಯಲ್ಲಿ ಎರೆಮಣ್ಣು ಚಪ್ಪಲಿಗೆ ಸೇರುಗಟ್ಟಲೆ ಮೆತ್ತಿಕೊಳ್ಳುತ್ತದೆ, ನಿಜ. ಆದರೆ ಎರೆ ಆಗುವುದು ಕಲ್ಲು ಕರಗಿ. ನೀನು ದಾಟಿದ್ದು ಪೀಟ್. ಅದು ಪೂರ್ತಿ ಕೊಳೆಯದೆ ಉಳಿದ ಗಿಡ. ನೀರು ಯಾವಾಗಲೂ ನಿಂತಿರುವುದರಿಂದ ಗಾಳಿ ಒಳಗೆ ಹೋಗುವುದಿಲ್ಲ, ಸತ್ತ ಪಾಚಿ ಕೊಳೆಯುವುದಿಲ್ಲ, ಒಂದರ ಮೇಲೊಂದು ಕೂರುತ್ತದೆ. ವರ್ಷಕ್ಕೆ ಹೆಚ್ಚುಕಮ್ಮಿ ಒಂದು ಮಿಲಿಮೀಟರ್. ನಿನ್ನ ಕಾಲು ಮಂಡಿಯವರೆಗೆ ಹೂತಿತಲ್ಲ, ಅಷ್ಟು ಆಳ ತುಂಬಲು ನೂರಾರು ವರ್ಷ ಬೇಕಾಗಿದೆ ಪುಟ್ಟಿ. ಜಗತ್ತಿನ ನೆಲದಲ್ಲಿ ಇಂಥ ಜೌಗು ಇರುವುದು ಶೇಕಡಾ 3ರಷ್ಟು ಮಾತ್ರ. ಆದರೂ ಎಲ್ಲ ಕಾಡಿನ ಮರಗಳಿಗಿಂತ ಜಾಸ್ತಿ ಇಂಗಾಲವನ್ನು ಇದೇ ಹಿಡಿದಿಟ್ಟಿದೆ. ಹಾಗಾಗಿ ಇನ್ನು ಮುಂದೆಯೂ ಎಷ್ಟೇ ಜಾರಿದರೂ ಕಲ್ಲು ಬಿಟ್ಟು ಇಳಿಯಬೇಡ.

ನನಗೆ ತಡೆಯಲಾಗದ ವಿಷಯ ಇನ್ನೊಂದಿದೆ. ಆ ಜೌಗು ಬರಡಾಗಲು ಬರೀ ಬೂಟು ಕಾರಣ ಅಲ್ಲ. ಮ್ಯಾಂಚೆಸ್ಟರ್ ಸುತ್ತಲಿನ ಕಾರ್ಖಾನೆಗಳ ಹೊಗೆ ತಲೆಮಾರುಗಳ ಕಾಲ ಆ ಬೆಟ್ಟದ ಮೇಲೆ ಮಳೆಯ ಜೊತೆ ಸುರಿಯಿತು. ನೀರು ಹಿಡಿದಿಡುವ ಸ್ಫ್ಯಾಗ್ನಮ್ ಪಾಚಿ ಆ ಹೊಗೆಯ ವಿಷಕ್ಕೇ ಸತ್ತಿತು. ಯಾವ ಗಿರಣಿಗಳು ಬೆಟ್ಟವನ್ನು ಸುಟ್ಟವೋ ಅವುಗಳ ನೆಲದ ಕಲ್ಲೇ ಈಗ ಬೆಟ್ಟವನ್ನು ಕಾಯುತ್ತಿದೆ. ಈಗ ಕೈಯಾರೆ ಪಾಚಿ ನೆಡುತ್ತಿದ್ದಾರೆ, ಹಸಿರು ವಾಪಸ್ ಬರುತ್ತಿದೆ. ನೀನು ಕಂಡ ಬಿಳಿ ಕುಚ್ಚಿನ ಹುಲ್ಲು ಅದರ ಗುರುತು.

ಆ ಗಿರಣಿಗಳಿಗೂ ನಮಗೂ ಸಂಬಂಧ ಇಲ್ಲ ಎನ್ನಬೇಡ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಆ ಗಿರಣಿಗಳ ಸೀಮೆ ಲ್ಯಾಂಕಷೈರಿಗೆ ಹತ್ತಿ ಬರುವುದು ನಿಂತುಹೋಯಿತು. ಆಗ ಅವರು ಕೈಚಾಚಿದ್ದು ನಮ್ಮ ಕಡೆಗೆ. ಧಾರವಾಡ ಸೀಮೆಯ ಎರೆ ಹೊಲದ ಹತ್ತಿಯೂ ಆಗ ಹಡಗು ಹತ್ತಿತು. ಆ ವ್ಯಾಪಾರದ ದುಡ್ಡಿನಲ್ಲಿ ಮುಂಬೈ ಬೆಳೆಯಿತು, ಇಲ್ಲೂ ಗಿರಣಿಗಳು ಎದ್ದವು. ಅಂಥದ್ದೊಂದು ಗಿರಣಿಯ ಭೋಂಗಾ, ಅಂದರೆ ಸೈರನ್, ಕೇಳಿ ನಿನ್ನ ಅಜ್ಜ ಪರೇಲಿನ ಚಾಳಿನಿಂದ ಕೆಲಸಕ್ಕೆ ಓಡುತ್ತಿದ್ದರು. 1982ರ ಮುಷ್ಕರದಲ್ಲಿ ಎರಡೂವರೆ ಲಕ್ಷ ಕಾರ್ಮಿಕರ ಜೊತೆ ಅವರೂ ಹೊರಗೆ ಬಂದರು. ಮತ್ತೆ ಒಳಗೆ ಹೋಗಲಿಲ್ಲ. ಆ ಜಾಗದಲ್ಲಿ ಈಗ ಗಾಜಿನ ಟವರ್ ಇದೆ. ಅಲ್ಲಿ ಅಜ್ಜ ನಿಂತು ಕೆಲಸ ಮಾಡಿದ ನೆಲದ ಒಂದು ಕಲ್ಲೂ ಉಳಿದಿಲ್ಲ ಎಂಬುದು ನನಗೆ ಇವತ್ತಿಗೂ ಸಂಕಟ. ಇಂಗ್ಲೆಂಡಿನ ಗಿರಣಿಯವರಿಗಾದರೂ ಕಲ್ಲು ಉಳಿಯಿತು, ಅದರ ಮೇಲೆ ಅಜ್ಜನ ಮೊಮ್ಮಗಳು ನಡೆದಳು.

ಆ ಬೆಟ್ಟ ಇಂಗ್ಲೆಂಡಿನವರಿಗೂ ಸುಲಭಕ್ಕೆ ಸಿಕ್ಕಿದ್ದಲ್ಲ. ಅಲ್ಲೆಲ್ಲ ಜಮೀನ್ದಾರರು ಬೇಟೆ ಹಕ್ಕಿಗಳನ್ನು ಸಾಕಿಕೊಂಡು ಜನರನ್ನು ದೂರ ಇಟ್ಟಿದ್ದರು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರಿನ ನೂರಾರು ದುಡಿಯುವ ಹುಡುಗ ಹುಡುಗಿಯರು ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನುಗ್ಗಿದರು. ಐವರು ಜೈಲಿಗೆ ಹೋದರು. ನೀನು ಮೊದಲ ದಿನ ಹತ್ತಿದ್ದು ಅದೇ ಕಿಂಡರ್. ವಾರಕ್ಕೊಂದೇ ರಜೆ ಸಿಗುವ ದುಡಿಮೆಗಾರರು ಗೆದ್ದುಕೊಟ್ಟ ದಾರಿ ಅದು. ಅಜ್ಜನ ಮೊಮ್ಮಗಳಿಗೆ ಅಲ್ಲಿ ಜಾಗ ಇಲ್ಲ ಎಂದರೆ ಇನ್ಯಾರಿಗಿದೆ ಹೇಳು?

ಇನ್ನು ಮುಂದಿನ ಮಾತು. ಕ್ರಾಸ್ ಫೆಲ್ ಬೆಟ್ಟ ಇನ್ನೂ ದೂರ ಇದೆ, ಆದರೂ ಈಗಲೇ ಹೇಳುತ್ತೇನೆ. 893 ಮೀಟರ್, ಇಡೀ ದಾರಿಯಲ್ಲಿ ಅದೇ ಎತ್ತರ. ಗಾಳಿ ಜೋರಿದ್ದರೆ ಕೆಳಗಿನ ಊರಲ್ಲೇ ಒಂದು ದಿನ ಜಾಸ್ತಿ ಉಳಿದುಕೋ. ಉಳಿಯುವ ಖರ್ಚು ನಾನು ಕಳಿಸುತ್ತೇನೆ, ಸಂಕೋಚ ಬೇಡ. ಒಣ ಕಾಲುಚೀಲ ಎರಡು ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಬೇರೆ ಇಡು ಎಂದು ಅಮ್ಮ ಹೇಳುತ್ತಿದ್ದಾಳೆ. ನಿನ್ನ ಬೂಟಿನ ಬಗ್ಗೆ ಅವಳಿಗೆ ಇನ್ನೂ ಉತ್ತರ ಬಂದಿಲ್ಲ, ಅದನ್ನು ಮೊದಲು ಬರೆ.

ನಿನ್ನ
ಅಪ್ಪ